ಮನೆಯಲ್ಲಿ ಇಬ್ಬರು, ವೈಫೈ ಪಟ್ಟಿಯಲ್ಲಿ ಹದಿನೇಳು

ಸಂಪಾದಕರಿಗೆ ನಮಸ್ಕಾರ.

ನಾನು ಹಾಸನದ ಸಾಲಗಾಮೆ ರಸ್ತೆ ಕಡೆಯವಳು. ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟು ನಿವೃತ್ತಳಾಗಿದ್ದೇನೆ. ಈ ಅಂಕಣಕ್ಕೆ ಹಿಂದೆ ಎರಡು ಸಲ ಬರೆದಿದ್ದೆ. ಒಂದು ಬೀದಿದೀಪದ ಬಗ್ಗೆ, ಇನ್ನೊಂದು ನಿಮ್ಮದೇ ಪದಬಂಧದ ಒಂದು ತಪ್ಪಿನ ಬಗ್ಗೆ. ಎರಡನೆಯದು ಅಚ್ಚಾಗಲಿಲ್ಲ. ಇರಲಿ. ಈ ಪತ್ರ ಉದ್ದವಾಗಿದೆ, ಜಾಗ ಸಾಲದಿದ್ದರೆ ಕತ್ತರಿ ಆಡಿಸಿ. ಆದರೆ ಮನೆಗೆ ನೆಟ್ ಹಾಕಲು ಬರುವವರ ಬಗ್ಗೆ ಬರೆದ ಭಾಗ ಮಾತ್ರ ಬಿಡಬೇಡಿ.

ನಮ್ಮ ಮನೆಯಲ್ಲಿ ಇರುವುದು ನಾನು ಮತ್ತು ನಮ್ಮ ಯಜಮಾನರು, ಇಬ್ಬರೇ. ಮಗ ಬೆಂಗಳೂರಿನಲ್ಲಿದ್ದಾನೆ. ಮಹಡಿ ಮೇಲಿನ ಎರಡು ಕೋಣೆಯನ್ನು ಇಂಜಿನಿಯರಿಂಗ್ ಓದುವ ಇಬ್ಬರು ಹುಡುಗರಿಗೆ ಬಾಡಿಗೆಗೆ ಕೊಟ್ಟಿದ್ದೇವೆ. ಈ ಸಲ ಹಾಸನಾಂಬೆ ದರ್ಶನ ಮುಗಿದು ದೀಪಾವಳಿಯೂ ಕಳೆದ ಮೇಲೆ ನಮ್ಮ ನೆಟ್ ತೆವಳಲು ಶುರುವಾಯಿತು. ಸಂಜೆ ಮೊಮ್ಮಗಳ ಜೊತೆ ವಿಡಿಯೊದಲ್ಲಿ ಮಾತಾಡುವಾಗ ಮಗು ಬಾಯಿ ತೆರೆದ ಹಾಗೇ ನಿಂತುಬಿಡುತ್ತಿತ್ತು. ಐದು ಸೆಕೆಂಡ್ ಆದ ಮೇಲೆ ಹೇಳಿದ್ದೆಲ್ಲ ಒಟ್ಟಿಗೇ ಬರುತ್ತಿತ್ತು.

"ಅಮ್ಮ, ನಿಮ್ಮ ವೈಫೈಗೆ ಯಾರ್ಯಾರು ಸೇರಿಕೊಂಡಿದ್ದಾರೆ ಅಂತ ನೋಡು" ಅಂದ ಮಗ. ಬ್ರೌಸರ್‌ನಲ್ಲಿ 192.168.1.1 ಅಂತ ಹೊಡೆದರೆ ರೂಟರ್‌ನ ಪುಟ ತೆರೆಯುತ್ತದಂತೆ. ಕೆಲವು ಮನೆಗಳಲ್ಲಿ 192.168.0.1 ಇರುತ್ತದೆ. ಊರಿಗೆಲ್ಲ ಒಂದೇ ವಿಳಾಸವಾ ಅಂತ ನನಗೆ ಆಶ್ಚರ್ಯ. ಆಮೇಲೆ ಅರ್ಥವಾಯಿತು. ಬೀದಿಯ ಪ್ರತಿ ಮನೆಯಲ್ಲೂ ಒಬ್ಬ ಪುಟ್ಟ ಇದ್ದರೂ, ನಾವು ಒಳಗಿನಿಂದ "ಪುಟ್ಟಾ" ಅಂತ ಕರೆದರೆ ನಮ್ಮ ಪುಟ್ಟನೇ ಬರುವುದು, ಅಲ್ವಾ? ಹಾಗೆ.

ಪುಟವೇನೋ ತೆರೆಯಿತು. ಆದರೆ ಪಾಸ್‌ವರ್ಡ್ ಕೇಳಿತು. ವೈಫೈಗೆ ಸೇರುವ ಪಾಸ್‌ವರ್ಡ್ ಅಲ್ಲ, ಈ ಪುಟದ್ದೇ ಬೇರೆ. ರೂಟರ್‌ನ ಬೆನ್ನಿಗೆ ಅಂಟಿಸಿದ ಚೀಟಿಯಲ್ಲಿದ್ದದ್ದನ್ನು ಹಾಕಿದೆ. ತಪ್ಪು ಅಂದಿತು. ಕನ್ನಡಕ ಒರೆಸಿಕೊಂಡು ಮತ್ತೆ ಹಾಕಿದೆ. ಮತ್ತೆ ತಪ್ಪು. ನೆಟ್ ಕಂಪನಿಗೆ ಫೋನ್ ಮಾಡಿದರೆ, "ಅದನ್ನು ಗ್ರಾಹಕರಿಗೆ ಕೊಡುವ ಹಾಗಿಲ್ಲ ಮೇಡಂ, ಹುಡುಗನನ್ನು ಕಳಿಸುತ್ತೇವೆ" ಅಂದರು. ಕಂಪನಿಯ ಹೆಸರು ಬರೆಯುವುದಿಲ್ಲ. ನನ್ನ ಅಕ್ಕನ ಮನೆಯದು ಬೇರೆ ಕಂಪನಿ, ಅಲ್ಲೂ ಇದೇ ಕಥೆ.

ಎರಡು ದಿನ ಬಿಟ್ಟು ಹುಡುಗ ಬಂದ. ಎಟಿಎಂನಲ್ಲಿ ಪಿನ್ ಹೊಡೆಯುವವರ ಹಾಗೆ ಬೆನ್ನು ನನ್ನ ಕಡೆಗೆ ಮಾಡಿ ಏನೋ ಹೊಡೆದ, ಪಟ್ಟಿ ತೆರೆದು ತೋರಿಸಿದ. ಹದಿನೇಳು ಸಾಲು ಇತ್ತು. ಮನೆಯಲ್ಲಿ ಇಬ್ಬರು, ಪಟ್ಟಿಯಲ್ಲಿ ಹದಿನೇಳು! ಹೆಸರುಗಳೋ, ದೇವರಿಗೇ ಪ್ರೀತಿ. ನಾಲ್ಕೈದು ಕಡೆ ಬರೀ ‘ಅನ್‌ನೋನ್’ ಅಂತ ಇತ್ತು. ಒಂದು ಕಡೆ ‘ಎಸ್ಪ್ರೆಸಿಫ್’ ಅಂತ ಇತ್ತು. ನಾನು ಎಸ್ಪ್ರೆಸೊ ಅಂತ ಓದಿಕೊಂಡೆ. ಹಾಸನದವಳಲ್ವಾ, ತಲೆಯಲ್ಲಿ ಕಾಫಿಯೇ ಓಡುವುದು. ಹುಡುಗ, "ಇದೆಲ್ಲ ಇರತ್ತೆ ಮೇಡಂ" ಅಂತ ಹೊರಟ. ನಾನು ಅಷ್ಟರಲ್ಲಿ ಪರದೆಯ ಫೋಟೊ ತೆಗೆದುಕೊಂಡಿದ್ದೆ.

ಇಲ್ಲಿ ನನ್ನ ತಪ್ಪೊಂದನ್ನು ಒಪ್ಪಿಕೊಳ್ಳಬೇಕು. ನಾನು ಸೀದಾ ಮಹಡಿ ಹತ್ತಿದೆ. ಆ ಹುಡುಗರು ಜೂನ್‌ನಲ್ಲಿ ಬಂದಾಗ ವೈಫೈ ಕೇಳಿದ್ದರು, ಕೊಡಲಾಗುವುದಿಲ್ಲ ಅಂದಿದ್ದೆ. ಹಾಗಾದರೆ ಕಳ್ಳರು ಇವರೇ ಅಂತ ಮನಸ್ಸು ತೀರ್ಪು ಕೊಟ್ಟಾಗಿತ್ತು. ಇಷ್ಟು ವರ್ಷ ಮಕ್ಕಳಿಗೆ "ಸಾಧನೆ ಬರೆಯದೆ ಉತ್ತರ ಬರೆಯಬೇಡಿ" ಅಂತ ಹೇಳಿದವಳು ನಾನು. ಹುಡುಗರು ಜಗಳ ಆಡಲಿಲ್ಲ. ಇಬ್ಬರೂ ಫೋನಿನ ಸೆಟ್ಟಿಂಗ್ಸ್ ತೆರೆದು ತೋರಿಸಿದರು. ಅವರದು ಮೊಬೈಲ್ ಡೇಟಾ. ಅವರ ಲ್ಯಾಪ್‌ಟಾಪ್‌ಗಳ ನಂಬರ್ ನನ್ನ ಫೋಟೊದಲ್ಲಿ ಎಲ್ಲೂ ಇರಲಿಲ್ಲ. ನನ್ನ ಮುಖ ಸಣ್ಣದಾಯಿತು. ಮಾರನೇ ದಿನ ಒಂದು ಡಬ್ಬಿ ಕಜ್ಜಾಯ ಕಳಿಸಿದೆ. ಡಬ್ಬಿ ತೊಳೆದು ವಾಪಸ್ ಕೊಡಲು ಬಂದವನೇ ನನಗೆ ಪಾಠ ಹೇಳಿಕೊಟ್ಟ. ಎಲೆಕ್ಟ್ರಾನಿಕ್ಸ್ ಓದುವ ಹುಡುಗ.

ನೆಟ್‌ಗೆ ಸೇರುವ ಪ್ರತಿ ಉಪಕರಣಕ್ಕೂ ಮ್ಯಾಕ್ ವಿಳಾಸ ಅಂತ ಒಂದು ಇರುತ್ತದೆ. ಒಟ್ಟು ಹನ್ನೆರಡು ಅಂಕಿ, ಎರಡೆರಡರ ಆರು ಜೋಡಿ. ಅಂಕಿ ಅಂದರೆ ಸೊನ್ನೆಯಿಂದ ಒಂಬತ್ತು, ಮೇಲೆ ಇಂಗ್ಲಿಷಿನ ಎ ಯಿಂದ ಎಫ್ ವರೆಗೆ. ಹದಿನಾರರ ಪದ್ಧತಿ. ಮೊದಲ ಮೂರು ಜೋಡಿ ತಯಾರಿಸಿದ ಕಂಪನಿಯದು, ಒಂದು ಥರ ಇನಿಷಿಯಲ್ ಇದ್ದ ಹಾಗೆ. ಅದನ್ನು ಹುಡುಕಿದರೆ ಯಾರ ಮನೆತನ ಅಂತ ಗೊತ್ತಾಗುತ್ತದೆ. ಆದರೆ ಮನೆತನದ ಹೆಸರು ಡಬ್ಬಿಯ ಮೇಲಿನ ಬ್ರ್ಯಾಂಡ್ ಹೆಸರೇ ಆಗಿರಬೇಕಾಗಿಲ್ಲ. ಎಸ್ಪ್ರೆಸಿಫ್ ಅನ್ನುವುದು ಶಾಂಘೈನ ಒಂದು ಚಿಪ್ ಕಂಪನಿ. ಅಗ್ಗದ ಸ್ಮಾರ್ಟ್ ಪ್ಲಗ್, ಬಲ್ಬ್‌ಗಳಲ್ಲಿ ಕೂರುವುದು ಹೆಚ್ಚಾಗಿ ಅದರ ಚಿಪ್. ನಮ್ಮ ‘ಕಾಫಿ’ ಏನು ಅಂತ ನೋಡಿದರೆ ಸ್ನಾನದ ಮನೆ ಗೀಸರ್‌ಗೆ ಮಗ ಹಾಕಿಕೊಟ್ಟ ಪ್ಲಗ್!

ಒಂದು ಮಾತು ಇಲ್ಲಿ ಹೇಳಿಬಿಡುತ್ತೇನೆ. ನಮ್ಮ ಇದೇ ರಸ್ತೆಯಲ್ಲಿ ಇಸ್ರೊದ ಉಪಗ್ರಹ ನಿಯಂತ್ರಣ ಕೇಂದ್ರ ಎಂಸಿಎಫ್ ಇದೆ. 1982ರಿಂದ, ಸುಮಾರು 36 ಸಾವಿರ ಕಿಲೋಮೀಟರ್ ಮೇಲಿರುವ ಉಪಗ್ರಹಗಳನ್ನು ಒಂದೊಂದಾಗಿ ಹೆಸರು ಹಿಡಿದು ವಿಚಾರಿಸಿಕೊಳ್ಳುತ್ತಿರುವ ಜಾಗ ಅದು. ಅದರ ಬೇಲಿ ಪಕ್ಕದಲ್ಲೇ ಬೆಳಗ್ಗೆ ವಾಕಿಂಗ್ ಹೋಗುವ ನನಗೆ ಸ್ನಾನದ ಮನೆ ಪ್ಲಗ್ಗಿನ ಗುರುತು ಸಿಗಲಿಲ್ಲ.

ಆಮೇಲೆ ನಾನು ಗೆರೆ ಹಾಕಿದ ನೋಟ್‌ಬುಕ್ ತೆಗೆದೆ. ಹದಿನೇಳು ಸಾಲು ಬರೆದೆ. ಹಾಜರಿ ಕರೆಯುವುದು ನನಗೇನು ಹೊಸದಲ್ಲ. ನೆಟ್ ಹುಡುಗನನ್ನು ಮತ್ತೆ ಎರಡು ಸಲ ಕರೆಸಿ, ಕಡೆಗೆ ಕಾಫಿ ಕೊಟ್ಟು ಕೂರಿಸಿ, "ಪಾಸ್‌ವರ್ಡ್ ಕೊಟ್ಟೇ ಎದ್ದು ಹೋಗಬೇಕು" ಅಂದೆ. ಕ್ಯಾಲೆಂಡರ್‌ನ ಹಿಂದೆ ಬರೆದುಕೊಟ್ಟ. ಇಡೀ ಬೀದಿಗೆ ಅದೇ ಪಾಸ್‌ವರ್ಡ್ ಅಂತೆ. ಅದನ್ನೂ ಅವನೇ ಹೇಳಿದ, ಪಾಪ. ನಾನು ಆವತ್ತೇ ಅದನ್ನು ಬದಲಾಯಿಸಿದೆ. ಯಾರೋ ರೂಟರ್‌ನ ತೂತಿಗೆ ಪಿನ್ ಚುಚ್ಚಿ ರೀಸೆಟ್ ಮಾಡಿ ಅಂದಿದ್ದರು. ಫೈಬರ್ ಇರುವವರು ಆ ಕೆಲಸ ಮಾಡಬೇಡಿ. ಪಾಸ್‌ವರ್ಡ್ ಜೊತೆ ಕಂಪನಿಯ ಸೆಟ್ಟಿಂಗ್ ಕೂಡ ಅಳಿಸಿಹೋಗಿ ನೆಟ್ಟೇ ನಿಂತರೆ ಮತ್ತೆ ಅವರನ್ನೇ ಕಾಯಬೇಕು.

ಹಾಜರಿಗೆ ಬರುತ್ತೇನೆ. ಒಂದೊಂದೇ ಉಪಕರಣವನ್ನು ಆಫ್ ಮಾಡುವುದು, ಐದು ನಿಮಿಷ ಕಾಯುವುದು, ಪಟ್ಟಿ ಮತ್ತೆ ತೆರೆದು ಯಾವ ಸಾಲು ಮಂಕಾಯಿತು ಅಂತ ನೋಡುವುದು. ನಮ್ಮ ಎರಡು ಫೋನ್, ಲ್ಯಾಪ್‌ಟಾಪ್, ಟಿವಿ, ಸೆಟ್‌ಟಾಪ್ ಬಾಕ್ಸ್, ಮಾತಾಡುವ ಸ್ಪೀಕರ್, ಗೀಸರ್ ಪ್ಲಗ್, ಗೇಟಿನ ಕ್ಯಾಮೆರಾದ ರೆಕಾರ್ಡರ್. ಎಂಟಾಯಿತು. ಇನ್ನೂ ಒಂಬತ್ತು.

ಅದರಲ್ಲಿ ಆರು ಮೊದಲಿಂದಲೂ ಬೂದು ಬಣ್ಣದಲ್ಲಿದ್ದವು. ಅಂದರೆ ಈಗ ಇಲ್ಲ, ಹಿಂದೆ ಬಂದುಹೋಗಿದ್ದವು. ಹಾಸನಾಂಬೆಯ ಬಾಗಿಲು ವರ್ಷಕ್ಕೆ ಒಂದೇ ಸಲ, ಆಶ್ವಯುಜದಲ್ಲಿ, ಕೆಲವು ದಿನ ತೆರೆಯುತ್ತದೆ. ಆ ದಿನಗಳಲ್ಲಿ ಹಾಸನದಲ್ಲಿ ಮನೆ ಇರುವವರ ಬಾಗಿಲು ಮುಚ್ಚುವುದೇ ಇಲ್ಲ. ಮೈಸೂರಿನ ನಾದಿನಿ, ಅವಳ ಮಕ್ಕಳು, ಅರಸೀಕೆರೆಯ ಭಾವ, ಅವರ ಬೀಗರು. ಸರದಿಯಲ್ಲಿ ನಿಂತು ದಣಿದು ಬಂದವರು ಮೊದಲು ನೀರು ಕೇಳುತ್ತಾರೆ, ಆಮೇಲೆ ವೈಫೈ ಕೇಳುತ್ತಾರೆ. ಇಲ್ಲ ಅನ್ನಲು ಆಗುತ್ತದಾ? ಒಂದು ಸಲ ಹೇಳಿದರೆ ಸಾಕು, ಅವರ ಫೋನ್ ಅದನ್ನು ಮರೆಯುವುದಿಲ್ಲ. ಈಗಿನ ಫೋನಿನಲ್ಲಿ ಕ್ಯೂಆರ್ ಕೋಡ್ ತೋರಿಸಿ ಇನ್ನೊಬ್ಬರಿಗೂ ಕೊಡಬಹುದು.

ಉಳಿದ ಮೂರರಲ್ಲಿ ಎರಡು ನನಗೆ ನಿಜವಾಗಿ ತಲೆನೋವು ತಂದವು. ಎರಡೂ ‘ಅನ್‌ನೋನ್’. ತಯಾರಕರ ಹೆಸರು ಹುಡುಕಿದರೆ ಅಂಥ ಮನೆತನವೇ ಇಲ್ಲ. ಕಡೆಗೆ ನೋಡಿದರೆ ಅವು ನಮ್ಮಿಬ್ಬರ ಫೋನುಗಳೇ! ಅಂಗಡಿ, ಮಾಲ್‌ಗಳಲ್ಲಿ ವೈಫೈ ಹಿಡಿದು ಜನರ ಓಡಾಟ ಗುರುತಿಸಬಾರದು ಅಂತ ಫೋನುಗಳು ಈಗ ತಮ್ಮ ನಿಜವಾದ ಮ್ಯಾಕ್ ವಿಳಾಸ ಹೇಳುವುದಿಲ್ಲ. ಒಂದೊಂದು ಹೆಸರಿನ ವೈಫೈಗೆ ಒಂದೊಂದು ಸುಳ್ಳು ವಿಳಾಸ ಕೊಡುತ್ತವೆ. ಆಂಡ್ರಾಯ್ಡ್‌ನಲ್ಲಿ ಇದು 2019ರಲ್ಲಿ ಬಂದ ಹತ್ತನೇ ಆವೃತ್ತಿಯಿಂದ, ಐಫೋನ್‌ನಲ್ಲಿ 2020ರ ಹದಿನಾಲ್ಕನೇ ಆವೃತ್ತಿಯಿಂದ ತಾನಾಗಿಯೇ ನಡೆಯುತ್ತದೆ. ನಮ್ಮ ರೂಟರ್‌ಗೆ ಎರಡು ಹೆಸರು, ಒಂದು ಸಾದಾ, ಇನ್ನೊಂದು ಕೊನೆಯಲ್ಲಿ ‘5ಜಿ’ ಅಂತ ಇರುವುದು (ಮೊಬೈಲಿನ 5ಜಿ ಅಲ್ಲ, 5 ಗಿಗಾಹರ್ಟ್ಸ್ ತರಂಗದ ವೈಫೈ). ನಾನು ಅಡುಗೆ ಮನೆಯಲ್ಲಿದ್ದರೆ ಒಂದಕ್ಕೆ, ಹಾಲ್‌ನಲ್ಲಿದ್ದರೆ ಇನ್ನೊಂದಕ್ಕೆ ಸೇರಿಕೊಳ್ಳುತ್ತೇನೆ. ಎರಡು ಕಡೆಯೂ ಬೇರೆ ಬೇರೆ ಹೆಸರಿನಲ್ಲಿ ಹಾಜರಿ! ಕ್ಲಾಸಿನಲ್ಲಿ ಒಬ್ಬನೇ ಹುಡುಗ ಇಬ್ಬರ ಹೆಸರಿಗೂ "ಎಸ್ ಮಿಸ್" ಅಂದ ಹಾಗೆ. ಇದನ್ನು ಹಿಡಿಯಲು ಒಂದು ಉಪಾಯ ಇದೆ. ವಿಳಾಸದ ಎರಡನೇ ಅಂಕಿ ನೋಡಿ. ಅದು 2, 6, ಎ ಅಥವಾ ಇ ಆಗಿದ್ದರೆ ಅದು ಕಾರ್ಖಾನೆ ಕೊಟ್ಟ ವಿಳಾಸವಲ್ಲ, ಉಪಕರಣವೇ ಕಟ್ಟಿಕೊಂಡದ್ದು. ಅಂಥ ಸಾಲು ಕಂಡರೆ ಕಿರುಚಿಕೊಳ್ಳುವ ಮೊದಲು ಮನೆಯ ಫೋನುಗಳನ್ನೇ ಒಂದು ಸಲ ನೋಡಿಕೊಳ್ಳಿ.

ಆದರೆ ಹೊಟ್ಟೆಯಲ್ಲಿ ಚಳಿ ಹುಟ್ಟಿಸಿದ್ದು ಗುರುತು ಸಿಕ್ಕಿದ್ದ ಒಂದು ಸಾಲು. ಕ್ಯಾಮೆರಾ ರೆಕಾರ್ಡರ್. ನಾಲ್ಕು ವರ್ಷದ ಹಿಂದೆ ಹಾಕಿಸಿದ್ದು. ಅದಕ್ಕೂ ಪಾಸ್‌ವರ್ಡ್ ಇದೆ ಅಂತಲೇ ನನಗೆ ಗೊತ್ತಿರಲಿಲ್ಲ. ಹಾಕಿದವರು ಕಾರ್ಖಾನೆಯಿಂದ ಬಂದದ್ದನ್ನು ಹಾಗೇ ಬಿಟ್ಟಿದ್ದರು. ಮಹಡಿ ಹುಡುಗ ಮೊದಲ ಪ್ರಯತ್ನಕ್ಕೇ ತೆರೆದು ತೋರಿಸಿದ. ನಮ್ಮ ಗೇಟು, ತುಳಸಿ ಕಟ್ಟೆ, ಜಗಲಿ ಮೇಲೆ ಬನಿಯನ್ ಹಾಕಿಕೊಂಡು ಪೇಪರ್ ಓದುತ್ತಿರುವ ಯಜಮಾನರು, ಎಲ್ಲ ಕಾಣಿಸಿತು. 2016ರಲ್ಲಿ ಮಿರಾಯ್ ಅನ್ನುವ ಕೆಟ್ಟ ಪ್ರೋಗ್ರಾಮ್ ಹೀಗೇ ಕಾರ್ಖಾನೆ ಪಾಸ್‌ವರ್ಡ್ ಬದಲಾಯಿಸದ ಕ್ಯಾಮೆರಾ, ರೆಕಾರ್ಡರ್, ರೂಟರ್‌ಗಳಿಗೆ ನುಗ್ಗಿತ್ತು. ಆ ಅಕ್ಟೋಬರ್ 21ರಂದು ಅವುಗಳನ್ನೇ ಸೈನ್ಯ ಮಾಡಿಕೊಂಡು ಅಮೆರಿಕದಲ್ಲಿ ದೊಡ್ಡ ದೊಡ್ಡ ವೆಬ್‌ಸೈಟುಗಳು ಗಂಟೆಗಟ್ಟಲೆ ತೆರೆಯದ ಹಾಗೆ ಮಾಡಿದ್ದರು. ಕ್ಯಾಮೆರಾಗಳ ಮಾಲೀಕರಿಗೆ ಅದು ಗೊತ್ತೇ ಆಗಿರಲಿಕ್ಕಿಲ್ಲ. ಅವರ ಕ್ಯಾಮೆರಾದಲ್ಲಿ ಗೇಟು ಎಂದಿನ ಹಾಗೇ ಕಾಣುತ್ತಿತ್ತಲ್ಲ.

ಇನ್ನು ಹದಿನೇಳನೆಯದು. ಒಂದು ಟಿವಿ ಕಂಪನಿಯ ಹೆಸರು, ಆದರೆ ನಮ್ಮ ಟಿವಿ ಆ ಕಂಪನಿಯದಲ್ಲ. ಮೂರು ದಿನ ವೇಳೆ ಬರೆದಿಟ್ಟೆ. ಸಂಜೆ ಏಳಕ್ಕೆ ಬರುತ್ತದೆ, ರಾತ್ರಿ ಹತ್ತೂವರೆಗೆ ಹೋಗುತ್ತದೆ. ಧಾರಾವಾಹಿ ನೋಡುವವರ ವೇಳೆ. ಯಜಮಾನರು, "ಹೋಗಲಿ ಬಿಡು, ಬಾವಿ ನೀರು ಸೇದಿಕೊಂಡ ಹಾಗೆ" ಅಂದರು. ಬಾವಿ ನೀರಿಗೆ ಪೊಲೀಸರು ಬರುವುದಿಲ್ಲ ಅಂದೆ ನಾನು. 2008ರ ಜುಲೈನಲ್ಲಿ ಅಹಮದಾಬಾದ್ ಸರಣಿ ಸ್ಫೋಟದ ಹೊಣೆ ಹೊತ್ತ ಇಮೇಲ್ ಹೋಗಿದ್ದು ನವಿ ಮುಂಬೈಯ ಒಂದು ಮನೆಯ ವೈಫೈಯಿಂದ. ಆ ಮನೆಯವರು ಕಳಿಸಿದ್ದಲ್ಲ. ಆದರೂ ಪೊಲೀಸರು ಮೊದಲು ಹೋಗಿದ್ದು ಅವರ ಬಾಗಿಲಿಗೇ. ಯಜಮಾನರು ಸುಮ್ಮನಾದರು.

ಯಾರಿರಬಹುದು ಅಂತ ಯೋಚಿಸುವಾಗ ಗೇಟಿನ ಕಡೆ ಕಣ್ಣು ಹೋಯಿತು. ನಮ್ಮ ಗೇಟಿನಲ್ಲಿ ‘ಮನೆ ಬಾಡಿಗೆಗೆ ಇದೆ’ ಅಂತ ಒಂದು ಬೋರ್ಡ್ ಇದೆ. ಹುಡುಗರು ಬಂದ ಮೇಲೂ ತೆಗೆದಿರಲಿಲ್ಲ. ಕೆಳಗೆ ನನ್ನ ಮೊಬೈಲ್ ನಂಬರ್, ಕೆಂಪು ಬಣ್ಣದಲ್ಲಿ, ಬಸ್ಸಿನಲ್ಲಿ ಹೋಗುವವರಿಗೂ ಕಾಣುವಷ್ಟು ದಪ್ಪಗೆ. ನಮ್ಮ ವೈಫೈ ಪಾಸ್‌ವರ್ಡ್ ಅದೇ ನಂಬರ್! ನೆಟ್ ಹಾಕಿದ ದಿನ ಹುಡುಗ, "ನೆನಪಿರಲಿ ಅಂತ ನಿಮ್ಮ ನಂಬರೇ ಇಡ್ತೀನಿ ಮೇಡಂ" ಅಂದಿದ್ದ. ಎಷ್ಟು ಒಳ್ಳೆಯ ಹುಡುಗ ಅಂದುಕೊಂಡಿದ್ದೆ. ಆಮೇಲೆ ವಿಚಾರಿಸಿದರೆ ಬೀದಿಯ ಮುಕ್ಕಾಲು ಮನೆಗಳ ಕಥೆ ಇದೇ.

ಆ ರಾತ್ರಿಯೇ ವೈಫೈ ಪಾಸ್‌ವರ್ಡನ್ನೂ ಬದಲಾಯಿಸಿದೆ. ಬೇಡದ ಒಂದು ಉಪಕರಣವನ್ನು ಬ್ಲಾಕ್ ಮಾಡುವ ಗುಂಡಿಯೂ ಆ ಪುಟದಲ್ಲಿ ಇದೆ. ಆದರೆ ವಿಳಾಸವನ್ನೇ ಬದಲಾಯಿಸಿಕೊಳ್ಳುವ ಫೋನುಗಳ ಮುಂದೆ ಅದರಿಂದ ಜಾಸ್ತಿ ಪ್ರಯೋಜನ ಇಲ್ಲ. ಬೀಗ ಬದಲಾಯಿಸುವುದೇ ಸರಿ. ಕಡಿಮೆ ಅಂದರೆ ಎಂಟು ಅಕ್ಷರ ಬೇಕು, 63ರವರೆಗೂ ಇಡಬಹುದು. ಒಂದಕ್ಕೊಂದು ಸಂಬಂಧ ಇಲ್ಲದ ನಾಲ್ಕು ಕನ್ನಡ ಪದಗಳನ್ನು ಇಂಗ್ಲಿಷ್ ಅಕ್ಷರದಲ್ಲಿ ಜೋಡಿಸಿದೆ. ಒಂದು ತರಕಾರಿ, ಒಂದು ಪಾತ್ರೆ, ಉಳಿದದ್ದು ಹೇಳುವುದಿಲ್ಲ. ನಮ್ಮದೇ ಉಪಕರಣಗಳನ್ನೆಲ್ಲ ಮತ್ತೆ ಸೇರಿಸಲು ಅರ್ಧ ದಿನ ಹೋಯಿತು. ಗೀಸರ್ ಪ್ಲಗ್ ‘5ಜಿ’ ಹೆಸರಿನ ವೈಫೈಯನ್ನು ಕಣ್ಣೆತ್ತಿಯೂ ನೋಡಲಿಲ್ಲ, ಸಾದಾ ಹೆಸರಿಗೇ ಬೇಕು ಅಂತ ಹಟ. ಆವತ್ತು ಸೌದೆ ಒಲೆಯ ನೀರು.

ಮಾರನೇ ಸಂಜೆ ಏಳೂಕಾಲಿಗೆ ಪಕ್ಕದ ಮನೆಯ ಹಿರಿಯರು ಕಾಂಪೌಂಡ್ ಹತ್ತಿರ ಬಂದು, "ಟೀಚರ್, ನಿಮ್ಮ ಮನೆಯಲ್ಲಿ ನೆಟ್ ಬರ್ತಿದೆಯಾ? ನಮ್ಮದು ನಿಂತುಬಿಟ್ಟಿದೆ" ಅಂದರು.

ಅವರಿಗೆ ಏನೂ ಗೊತ್ತಿರಲಿಲ್ಲ. ಮಳೆಗಾಲದಲ್ಲಿ ತೆಂಗಿನ ಗರಿ ಬಿದ್ದು ಅವರ ಕೇಬಲ್ ತುಂಡಾಗಿತ್ತಂತೆ. ಆಗ ಅದೇ ನೆಟ್ ಹುಡುಗ, ಸದ್ಯಕ್ಕೆ ಇರಲಿ ಅಂತ ಅವರ ಟಿವಿಯನ್ನು ನಮ್ಮ ವೈಫೈಗೆ ಸೇರಿಸಿ ಹೋಗಿದ್ದಾನೆ. ಪಾಸ್‌ವರ್ಡ್ ಅವನೇ ಇಟ್ಟದ್ದಲ್ವಾ! ಆಮೇಲೆ ಕೇಬಲ್ ಸರಿಯಾಯಿತು. ಟಿವಿ ಮಾತ್ರ ನಮ್ಮಲ್ಲೇ ಉಳಿಯಿತು. ಹಿರಿಯರು ತಿಂಗಳು ತಿಂಗಳು ತಮ್ಮ ನೆಟ್‌ಗೂ ದುಡ್ಡು ಕಟ್ಟುತ್ತಿದ್ದರು, ನೋಡುತ್ತಿದ್ದದ್ದು ಮಾತ್ರ ನಮ್ಮದರಲ್ಲಿ.

ನೆಟ್ ಹುಡುಗನ ಮೇಲೆ ನನಗೆ ಕೋಪವಿಲ್ಲ. ಅವನಿಗೆ ದಿನಕ್ಕೆ ಇಷ್ಟು ಮನೆ ಮುಗಿಸಬೇಕು ಅಂತ ಲೆಕ್ಕ, ಬೈಕಿನ ಪೆಟ್ರೋಲಿಗೂ ಅವನೇ ಹೊಣೆ. ನನ್ನ ದೂರು ಅವನನ್ನು ಕಳಿಸುವವರ ಮೇಲೆ. ಒಂದು ಮನೆಯ ವೈಫೈಗೆ ಎರಡು ಪಾಸ್‌ವರ್ಡ್ ಇರುತ್ತದೆ. ಸೇರಿಕೊಳ್ಳಲು ಒಂದು, ರೂಟರ್‌ನ ಪುಟ ತೆರೆಯಲು ಇನ್ನೊಂದು. ಎರಡನೆಯದು ಬೀಗದ ಕೈ ಗೊಂಚಲು ಇದ್ದ ಹಾಗೆ. ತಿಂಗಳ ಬಾಡಿಗೆ ಕಟ್ಟುವ ನಮ್ಮ ಕೈಯಲ್ಲಿ ಆ ಗೊಂಚಲು ಇಲ್ಲ, ಬೀದಿಯಲ್ಲಿ ಓಡಾಡುವ ಪ್ರತಿ ಹುಡುಗನ ಜೇಬಿನಲ್ಲಿ ಇದೆ. ಕೆಲಸ ಬಿಟ್ಟುಹೋದ ಹುಡುಗರ ಜೇಬಿನಲ್ಲೂ ಇರುತ್ತದೆ. ನೆಟ್ ಹಾಕಿದ ದಿನವೇ ಮನೆಯವರ ಎದುರಿಗೆ ಆ ಪುಟ ತೆರೆದು, ಎರಡೂ ಪಾಸ್‌ವರ್ಡನ್ನು ಮನೆಯವರ ಕೈಯಿಂದಲೇ ಬದಲಾಯಿಸಿಸಿ, ಹೇಗೆ ಮಾಡಿದ್ದು ಅಂತ ಕನ್ನಡದಲ್ಲಿ ಒಂದು ಹಾಳೆ ಕೊಟ್ಟು ಹೋಗಲಿ. ಹತ್ತು ನಿಮಿಷದ ಕೆಲಸ. ಗ್ಯಾಸ್ ಸಂಪರ್ಕ ಕೊಡುವವರು ರೆಗ್ಯುಲೇಟರ್ ತಿರುಗಿಸುವುದನ್ನು ತೋರಿಸಿಕೊಡುವುದಿಲ್ವಾ? ಕ್ಯಾಮೆರಾ ಹಾಕುವ ಅಂಗಡಿಯವರಿಗೂ ಇದೇ ಮಾತು.

ಅದೇ ಹಾಳೆಯಲ್ಲಿ ಡಬ್ಲ್ಯುಪಿಎಸ್ ಆಫ್ ಮಾಡುವುದನ್ನೂ ಸೇರಿಸಲಿ. ಪಾಸ್‌ವರ್ಡ್ ಇಲ್ಲದೆ ಎಂಟು ಅಂಕಿಯ ಪಿನ್‌ನಿಂದ ಸೇರಿಕೊಳ್ಳುವ ವ್ಯವಸ್ಥೆ ಅದು. ಗಣಿತದವಳಾಗಿ ಇದನ್ನು ಹೇಳದೆ ಇರಲಾರೆ. ಎಂಟು ಅಂಕಿ ಅಂದರೆ ಹತ್ತು ಕೋಟಿ ಸಾಧ್ಯತೆ, ಯಾರು ಕೂತು ಹುಡುಕುತ್ತಾರೆ ಅನಿಸುತ್ತದೆ. ಆದರೆ ರೂಟರ್ ಮೊದಲ ನಾಲ್ಕು ಅಂಕಿ ಸರಿಯೋ ತಪ್ಪೋ ಅಂತ ಬೇರೆಯಾಗಿ ಹೇಳಿಬಿಡುತ್ತದೆ. ಅಲ್ಲಿಗೆ ಹತ್ತು ಸಾವಿರ ಪ್ರಯತ್ನ. ಕೊನೆಯ ಅಂಕಿ ಮೊದಲ ಏಳರಿಂದ ಲೆಕ್ಕ ಹಾಕಿ ಬರುವಂಥದ್ದು, ಹಾಗಾಗಿ ಉಳಿಯುವುದು ಮೂರೇ ಅಂಕಿ, ಒಂದು ಸಾವಿರ. ಗುಣಿಸಬೇಕಾದಲ್ಲಿ ಕೂಡಿಸಿದ ಹಾಗಾಯಿತು. ಹತ್ತು ಕೋಟಿ ಹೋಗಿ ಹನ್ನೊಂದು ಸಾವಿರ! 2011ರ ಕೊನೆಯಲ್ಲೇ ಇದು ಬಯಲಾಗಿತ್ತು. ಆಮೇಲೆ ಬಂದ ಕೆಲವು ರೂಟರ್‌ಗಳು ತಪ್ಪು ಪಿನ್ ಪದೇ ಪದೇ ಹಾಕಿದರೆ ಬಾಗಿಲು ಮುಚ್ಚುತ್ತವೆ. ಆದರೂ ಬಳಸದ ಕಿಟಕಿ ಯಾಕೆ ತೆರೆದಿಡಬೇಕು?

ಮುಂದಿನ ಹಾಸನಾಂಬೆಗೆ ನಾನು ತಯಾರಾಗಿದ್ದೇನೆ. ರೂಟರ್‌ನಲ್ಲೇ ‘ಗೆಸ್ಟ್’ ಅಂತ ಬೇರೆ ವೈಫೈ ಇಡಬಹುದು. ಅದಕ್ಕೆ ಸೇರಿದವರಿಗೆ ನೆಟ್ ಸಿಗುತ್ತದೆ, ನಮ್ಮ ಕ್ಯಾಮೆರಾ, ಲ್ಯಾಪ್‌ಟಾಪ್ ಕಡೆ ದಾರಿ ಇರುವುದಿಲ್ಲ. ಪಾಸ್‌ವರ್ಡ್ ಬರೆದು ಫ್ರಿಜ್ ಬಾಗಿಲಿಗೆ ಅಂಟಿಸುತ್ತೇನೆ, ನೆಂಟರು ಊರಿಗೆ ಹೊರಟ ದಿನ ಆಫ್ ಮಾಡುತ್ತೇನೆ. ಮಹಡಿಯ ಹುಡುಗರಿಗೂ ಸದ್ಯ ಅದನ್ನೇ ಕೊಟ್ಟಿದ್ದೇನೆ. ಪಾಠ ಹೇಳಿದ ಗುರುದಕ್ಷಿಣೆ.

ಇಂತಿ,
ನಿವೃತ್ತ ಗಣಿತ ಶಿಕ್ಷಕಿ, ಸಾಲಗಾಮೆ ರಸ್ತೆ, ಹಾಸನ

ವಿ.ಸೂ.: ಹೆಸರು, ನಂಬರ್ ಬೇರೆ ಹಾಳೆಯಲ್ಲಿ ಬರೆದು ಲಕೋಟೆಯಲ್ಲಿ ಇಟ್ಟಿದ್ದೇನೆ. ಅಚ್ಚು ಹಾಕಬೇಡಿ. ಬೀದಿಯವರಿಗೆ ಇನ್ನೂ ಪಾಸ್‌ವರ್ಡ್ ಬದಲಾಯಿಸಲು ಹೇಳಿ ಮುಗಿದಿಲ್ಲ. ಏಳು ಮನೆ ಬಾಕಿ ಇದೆ.